ಕಸುವಿನ ಬಿಲ್ಲೆ

ಜ್ವರಕ್ಕೆ ಅಳತೆಯಿದೆ, ರಕ್ತದೊತ್ತಡಕ್ಕೆ ಅಳತೆಯಿದೆ, ಸಕ್ಕರೆ ಕಾಯಿಲೆಗೂ ಇದೆ. ದಣಿವಿಗೆ ಮಾತ್ರ ಬಹುಕಾಲ ಯಾವ ಅಳತೆಯೂ ಇರಲಿಲ್ಲ. ಸುಸ್ತು ಎಂದವರನ್ನು ಮನೆಯವರು ನಂಬಿದರೆ ನಂಬಿದರು, ಇಲ್ಲವಾದರೆ ಸೋಮಾರಿ ಎಂದು ಮೂಗು ಮುರಿದರು. ಅದರಲ್ಲೂ ಕ್ಯಾನ್ಸರ್ ಚಿಕಿತ್ಸೆ ತರುವ ದಣಿವು ತೀರಾ ಹಠಮಾರಿ. ಹತ್ತು ಗಂಟೆ ಮಲಗಿ ಎದ್ದರೂ ಅದು ಹಾಗೆಯೇ ಇರುತ್ತದೆ. ಸೀರೆಯ ನೆರಿಗೆ ಹಿಡಿಯಲು ನಿಂತವರು ಅರ್ಧದಲ್ಲೇ ಕೂತುಬಿಡುತ್ತಾರೆ. ಇದನ್ನು ಅಳೆದು ಒಂದು ಅಂಕಿಯಲ್ಲಿ ತೋರಿಸುವ ಸಾಧನ ಸಿಕ್ಕಿಬಿಟ್ಟರೆ ಏನಾಗಬಹುದು? ಸಿಕ್ಕಿತು. ಏನೇನೋ ಆಯಿತು.

ತಯಾರಿಸಿದವರು ಅದಕ್ಕೊಂದು ಉದ್ದನೆಯ ಹೆಸರಿಟ್ಟಿದ್ದರು; ಜನ ಅದನ್ನು ಬಿಲ್ಲೆ ಎಂದರು. ಐದು ರೂಪಾಯಿ ನಾಣ್ಯದಷ್ಟಿರುವ ಅದನ್ನು ತೋಳಿಗೆ ಅಂಟಿಸಿಕೊಳ್ಳಬೇಕು. ಕೂದಲಿಗಿಂತ ಸಣ್ಣ ಸೂಜಿಯೊಂದು ಚರ್ಮದಡಿಯ ದ್ರವದಲ್ಲಿ ಉರಿಯೂತದ ಕುರುಹುಗಳನ್ನೂ ಸ್ನಾಯುಗಳು ಬಿಡುವ ಆಮ್ಲವನ್ನೂ ಗಳಿಗೆಗೊಮ್ಮೆ ನೋಡುತ್ತದೆ. ನಾಡಿಯ ಏರಿಳಿತ, ನಿದ್ದೆ, ನಡಿಗೆ ಎಲ್ಲವನ್ನೂ ಅದಕ್ಕೆ ಕೂಡಿಸಿ, ಸೊನ್ನೆಯಿಂದ ನೂರರ ನಡುವಿನ ಒಂದು ಅಂಕಿಯನ್ನು ಬಿಲ್ಲೆಯ ಮುಖದ ಮೇಲೆ ತೋರಿಸುತ್ತದೆ. ಮೂವತ್ತರ ಕೆಳಗಿಳಿದರೆ ಅಂಕಿ ಕೆಂಪಾಗುತ್ತದೆ. ಕೆಂಪೆಂದರೆ ವಿಶ್ರಾಂತಿ.

ತುಮಕೂರಿನ ಆಸರೆ ಕೇಂದ್ರದ ಎರಡನೆಯ ಮಹಡಿಯಲ್ಲಿ ನಲವತ್ತು ಜನ ತರಬೇತುದಾರರು ಪರದೆಗಳ ಮುಂದೆ ಕೂತು ರಾಜ್ಯದ ಮೂಲೆಮೂಲೆಯ ರೋಗಿಗಳ ಅಂಕಿ ಕಾಯುತ್ತಿದ್ದರು. ಕುಮುದ ಅವರಲ್ಲೊಬ್ಬಳು. ವಯಸ್ಸು ನಲವತ್ತಾರು, ಇಪ್ಪತ್ತು ವರ್ಷ ಆಸ್ಪತ್ರೆಯಲ್ಲಿ ಫಿಸಿಯೋಥೆರಪಿ ಮಾಡಿ, ಬೇರೆಯವರ ಸೊಂಟ ಸರಿಪಡಿಸುತ್ತಾ ತನ್ನದನ್ನು ಕೆಡಿಸಿಕೊಂಡು ಈ ಕುರ್ಚಿಗೆ ಬಂದವಳು. ಅವಳ ಪಾಲಿಗೆ ಎಪ್ಪತ್ತು ರೋಗಿಗಳು. ದಿನಕ್ಕೆ ಇಷ್ಟು ನಡೆಯಿರಿ, ಇಷ್ಟು ಹೊತ್ತು ಕೂರಿ, ಈ ಕೆಲಸ ಬಿಡಿ ಎಂದು ಹೇಳಿ, ಅವರ ಅಂಕಿಯನ್ನು ಒಂದೊಂದೇ ಮೇಲೆ ತರುವುದು ಅವಳ ಕೆಲಸ. ಕ್ಯಾನ್ಸರಿನ ದಣಿವಿಗೆ ಮದ್ದು ಮಲಗುವುದರಲ್ಲಿಲ್ಲ, ಹದವರಿತು ನಡೆಯುವುದರಲ್ಲಿದೆ ಎಂಬ ಮಾತನ್ನು ದಿನಕ್ಕೆ ನಲವತ್ತು ಸಲವಾದರೂ ಹೇಳುತ್ತಿದ್ದಳು. ಕೇಳಿದವರು ತಲೆಯಾಡಿಸಿ, ಮತ್ತೆ ಮಲಗುತ್ತಿದ್ದರು.

ಎಪ್ಪತ್ತು ಜನರಲ್ಲಿ ಗದಗದ ನೀಲಗಂಗಾಳ ವಿಷಯಕ್ಕೆ ಬಂದರೆ ಮಾತ್ರ ಕುಮುದಳಿಗೆ ಮೈಯೆಲ್ಲಾ ಉರಿಯುತ್ತಿತ್ತು. ನೀಲಗಂಗಾಳ ಮೇಲೆ ಸಿಟ್ಟಲ್ಲ. ಅವಳಂಥ ಶ್ರದ್ಧೆಯ ರೋಗಿ ಇನ್ನೊಬ್ಬಳಿರಲಿಲ್ಲ. ಮೂವತ್ತೆಂಟು ವರ್ಷದ ಹೆಂಗಸು, ಸ್ತನ ಕ್ಯಾನ್ಸರ್, ಆರು ಕೀಮೋಗಳಲ್ಲಿ ನಾಲ್ಕು ಮುಗಿದಿದ್ದವು. ಐದನೆಯದು ಇನ್ನು ಮೂರು ವಾರಕ್ಕೆ, ಹುಬ್ಬಳ್ಳಿಯಲ್ಲಿ. ನಡುವೆ ಬಿಟ್ಟರೆ ಗಡ್ಡೆಗೆ ಪುರುಸೊತ್ತು ಕೊಟ್ಟ ಹಾಗೆ, ಆಮೇಲೆ ನಮ್ಮ ಕೈಯಲ್ಲಿಲ್ಲ ಎಂದು ಡಾಕ್ಟರು ಮೊದಲೇ ಹೇಳಿಬಿಟ್ಟಿದ್ದರು. ಪ್ರತಿ ಕೀಮೋದ ನಂತರ ನೀಲಗಂಗಾಳ ಅಂಕಿ ಮೂವತ್ತೈದಕ್ಕೆ ಕುಸಿಯುತ್ತಿತ್ತು. ಕುಮುದ ಅವಳನ್ನು ಅಂಗಳದಲ್ಲಿ ಹತ್ತು ಹೆಜ್ಜೆ, ಮರುದಿನ ಇಪ್ಪತ್ತು ಹೆಜ್ಜೆ ನಡೆಸಿ ನಡೆಸಿ ಐವತ್ತು ದಾಟಿಸುತ್ತಿದ್ದಳು. ದಾಟಿದ ಮರುದಿನವೇ ಮನೆಯವರು ಅದನ್ನು ತಿಂದು ಮುಗಿಸುತ್ತಿದ್ದರು.

ಮನೆಯೆಂದರೆ ಖಾನಾವಳಿ. ಗದಗದ ಮುದ್ರಣಾಲಯಗಳ ಓಣಿಯಲ್ಲಿ, ಮುಂದೆ ಊಟದ ಪಡಸಾಲೆ, ಹಿಂದೆ ವಾಸ. ಗಂಡ ಫಕ್ಕೀರಪ್ಪ ಪಲ್ಯ, ಸಾರು ನೋಡಿಕೊಳ್ಳುತ್ತಿದ್ದ. ಅತ್ತೆ ಸಂಗವ್ವ ಬಡಿಸುತ್ತಿದ್ದಳು. ಜೋಳದ ರೊಟ್ಟಿ ನೀಲಗಂಗಾಳದು. ಅವಳ ರೊಟ್ಟಿಗಾಗಿಯೇ ಜನ ಬರುತ್ತಿದ್ದರು. ಅವಳು ಮಲಗಿದ ಮೇಲೆ ಇಬ್ಬರು ಹೆಂಗಸರನ್ನು ಇಟ್ಟು ನೋಡಿದರು. ಒಬ್ಬಳ ರೊಟ್ಟಿ ದಪ್ಪ, ಇನ್ನೊಬ್ಬಳ ರೊಟ್ಟಿ ಹೆಂಚಿನ ಮೇಲೆ ಉಬ್ಬುತ್ತಲೇ ಇರಲಿಲ್ಲ. ಗಿರಾಕಿಗಳು ಒಬ್ಬೊಬ್ಬರಾಗಿ ಕಡಿಮೆಯಾದರು.

ಮಧ್ಯಾಹ್ನದ ಊಟದ ಗದ್ದಲ ಮುಗಿದು ಮೂರು ಗಂಟೆಗೆ ನೀಲಗಂಗಾಳ ಸರದಿ. ಅಡುಗೆಮನೆಯ ಗೂಡಿನಲ್ಲಿ ಇಟ್ಟ ಫೋನಿನಿಂದ ಅವಳು ಮಾತಾಡುತ್ತಿದ್ದಳು, ಬೋಳುತಲೆಗೆ ಸೆರಗು ಹೊದ್ದು. ಹಿಂದಿನ ಗೋಡೆಯ ಕ್ಯಾಲೆಂಡರಿನಲ್ಲಿ ಗ್ಯಾಸ್ ಸಿಲಿಂಡರ್ ಬಂದ ದಿನ, ಮೊಸರು ಹಾಕಿಸಿಕೊಂಡ ದಿನಗಳ ಜೊತೆಗೆ ಬಿಲ್ಲೆಯ ಅಂಕಿಯೂ ಇರುತ್ತಿತ್ತು. ಸಂಗವ್ವ ಬೆಳಿಗ್ಗೆ ಎದ್ದು ಸೊಸೆಯ ತೋಳು ನೋಡಿ ಬರೆದಿಡುತ್ತಿದ್ದಳು.

"ನಿನ್ನೆ ಐವತ್ತಾರಿತ್ತು, ಇವತ್ತು ನಲವತ್ನಾಲ್ಕು. ಏನ್ಮಾಡಿದ್ರಿ ನೀಲಮ್ಮಾ?" ಎಂದು ಕುಮುದ ಕೇಳಿದಳು. ಉತ್ತರ ಗೊತ್ತಿದ್ದೇ ಕೇಳಿದಳು.

"ಇಪ್ಪತ್ತ ರೊಟ್ಟಿ ಬಡದೆ ಅಕ್ಕಾರ. ಆಮ್ಯಾಲ ಗಿರಾಕಿ ಬಂದ್ರು... ನೂರ ಆದೂ."

"ನಾನು ನಡೀರಿ ಅಂದೆ, ರೊಟ್ಟಿ ಬಡೀರಿ ಅಂದ್ನಾ?"

"ನಡ್ಯಾಕ ಕಸುವ ಐತಿ ಅಂದ್ರ ರೊಟ್ಟಿ ಬಡ್ಯಾಕ ಯಾಕಿಲ್ಲ ಅಂತಾರ್ರಿ. ನನಗೂ ಹೌದಲ್ಲ ಅನಸ್ತೈತಿ. ಭಾಳ ಸುಸ್ತ ಆಗೇತಿ ಅಂದೆ. ಬಿಲ್ಲಿ ನೋಡಿದ್ರು, ಐವತ್ತಾರ ಇತ್ತು."

ಅಷ್ಟರಲ್ಲಿ ಸಂಗವ್ವನ ಮುಖ ಪರದೆಯ ಮೇಲೆ ಬಂತು. ಎಪ್ಪತ್ತು ದಾಟಿದ ಮುದುಕಿ, ಹಣೆತುಂಬ ವಿಭೂತಿ. "ಮೇಡಮ್ಮಾರ, ಐವತ್ತಾರ ಅಂದ್ರ ಅರ್ಧಕ್ಕಿಂತ ಮ್ಯಾಲ ಆತಲ್ರಿ. ನನಗೊಂದ ಬಿಲ್ಲಿ ಹಚ್ಚಿ ನೋಡ್ರಿ, ಹದಿನೈದರ ಮ್ಯಾಲ ಬಂದ್ರ ಕೇಳ್ರಿ. ಹಂಗಂತ ನಾ ಮಲಕ್ಕೊಂಡೇನೇನು?"

"ಅಮ್ಮಾ, ನಿಮ್ಮ ಸುಸ್ತೇ ಬೇರೆ, ಇದೇ ಬೇರೆ. ಇದು ಒಲೆ ಮುಂದೆ ಖಾಲಿ ಮಾಡೋಕೆ ಕೂಡಿಸಿದ್ದಲ್ಲ. ಮುಂದಿನ ಕೀಮೋ ತಡ್ಕೊಳ್ಳೋಕೆ ಕೂಡಿಸಿದ್ದು."

"ಕೂಡಿಟ್ಟದ್ದ ಮನಿಗೆ ಬಾರದಿದ್ರ ಯಾಕ ಕೂಡಸಬೇಕ್ರಿ?" ಎಂದು ಸಂಗವ್ವ ಬಡಿಸುವ ಸೌಟು ತೆಗೆದುಕೊಂಡು ಹೊರಟೇಹೋದಳು.

ಬಿಲ್ಲೆ ಬಂದ ಹೊಸದರಲ್ಲಿ ಕೇಂದ್ರದವರೆಲ್ಲ ಹಬ್ಬ ಮಾಡಿದ್ದರು. ಇನ್ನು ಮುಂದೆ ಸುಸ್ತು ಎಂದ ಹೆಂಗಸನ್ನು ಯಾರೂ ಅನುಮಾನಿಸುವಂತಿಲ್ಲ, ಅಂಕಿಯೇ ಸಾಕ್ಷಿ ಎಂದು ಭಾಷಣಗಳಾಗಿದ್ದವು. ಆದದ್ದು ತಿರುವುಮುರುವು. ಬಿಲ್ಲೆ ಇಲ್ಲದಿದ್ದಾಗ ಸುಸ್ತಾದವಳಿಗೆ ಜಗಳವಾಡಲು ಬಾಯಾದರೂ ಇತ್ತು. ಈಗ ಅವಳು ಬಾಯಿ ತೆರೆಯುವ ಮೊದಲೇ ಎಲ್ಲರೂ ತೋಳು ನೋಡುತ್ತಿದ್ದರು. ಅಂಕಿ ಉಳಿದಿದ್ದರೆ ಅದು ಮನೆಮಂದಿಗೆಲ್ಲ ಸೇರಿದ್ದು. ಇದು ಗದಗದ ಒಂದು ಮನೆಯ ಕತೆಯಾಗಿದ್ದರೆ ಕುಮುದ ಸಹಿಸುತ್ತಿದ್ದಳೇನೋ. ಅವಳ ಎಪ್ಪತ್ತು ಜನರಲ್ಲಿ ನಲವತ್ತು ಮನೆಗಳಲ್ಲಿ ಇದೇ ನಡೆದಿತ್ತು.

ಅಂದು ಸಂಜೆ ಮನೆಗೆ ಬಂದವಳು ಚಪ್ಪಲಿಯನ್ನೂ ಬಿಡದೆ ಮೆಟ್ಟಿಲ ಮೇಲೆ ಕೂತಳು. ವಿದ್ಯುತ್ ಕಚೇರಿಯಲ್ಲಿ ಗುಮಾಸ್ತನಾಗಿದ್ದ ಗಂಡ ಗಂಗಾಧರಯ್ಯ ಆಗಲೇ ಬಂದು ಪೇಪರು ಹಿಡಿದಿದ್ದ.

"ಯಾಕೆ, ಕಾಫಿ ಇಲ್ವಾ?"

"ಸಾಕಾಗಿದೆ ಕಣ್ರೀ. ಸ್ವಲ್ಪ ತಾಳಿ."

"ಕೂತ್ಕೊಂಡು ಮಾತಾಡೋ ಕೆಲಸ, ಅದಕ್ಕೂ ಸುಸ್ತಾ?"

"ನಾನೂ ಒಂದು ಬಿಲ್ಲೆ ಅಂಟಿಸ್ಕೊಂಡು ಬರ್ತೀನಿ ತಾಳಿ, ಆಗ ನಂಬ್ತೀರ."

"ತಗಂಬಾ, ನೋಡಾಣ," ಎಂದು ಅವನು ನಕ್ಕ. ಕುಮುದಳಿಗೆ ನಗು ಬರಲಿಲ್ಲ. ಕಾಫಿ ಸೋಸುವಾಗಲೂ, ಅನ್ನಕ್ಕಿಡುವಾಗಲೂ ಅವಳ ತಲೆಯಲ್ಲಿ ಒಂದೇ ವಿಚಾರ ಸುತ್ತುತ್ತಿತ್ತು. ಅಂಕಿಯನ್ನೇ ನಂಬುತ್ತಾರೆ ತಾನೆ? ನಂಬುವಂಥ ಅಂಕಿಯನ್ನೇ ಕೊಟ್ಟರಾಯಿತು.

ಬಿಲ್ಲೆಯಲ್ಲಿ ಮೀಸಲು ಎಂಬ ಒಂದು ಏರ್ಪಾಡು ಇತ್ತು. ಹೃದಯ ದುರ್ಬಲವಾಗಿರುವ ರೋಗಿಗಳು ಅಂಕಿ ನೋಡಿ ಉತ್ಸಾಹದಿಂದ ಓಡಾಡಿ ಎಡವಟ್ಟು ಮಾಡಿಕೊಳ್ಳಬಾರದೆಂದು, ಅವರ ಬಿಲ್ಲೆಯಲ್ಲಿ ನಿಜವಾದ ಅಂಕಿಗಿಂತ ಇಷ್ಟು ಕಡಿಮೆ ತೋರಿಸು ಎಂದು ತರಬೇತುದಾರರು ಹೇಳಿಡಬಹುದಿತ್ತು. ನಿಜವಾದ ಅಂಕಿ ಕೇಂದ್ರಕ್ಕೂ ಆಸ್ಪತ್ರೆಗೂ ಕಾಣುತ್ತಿತ್ತು, ಕಡಿಮೆಯದು ಮನೆಗೆ. ಒಂದು ವಾರ ಕಳೆಯುವ ಮೊದಲೇ, ನೀಲಗಂಗಾಳ ಅಂಕಿ ಮತ್ತೆ ಐವತ್ತೇಳಕ್ಕೆ ಹತ್ತಿದ ದಿನ, ಕುಮುದ ಅವಳ ಪುಟ ತೆರೆದು ಮೀಸಲು ಮೂವತ್ತು ಎಂದು ಹಾಕಿದಳು. ಕಾರಣ ಎಂಬಲ್ಲಿ 'ಹೃದಯದ ಎಚ್ಚರಿಕೆ' ಎಂದು ಬರೆದಳು. ನೀಲಗಂಗಾಳ ಹೃದಯ ಗಟ್ಟಿಮುಟ್ಟಾಗಿತ್ತು. ಒಂದು ಗುಂಡಿ ಒತ್ತಿದ್ದಕ್ಕೆ ಗದಗದಲ್ಲಿ ಬಿಲ್ಲೆ ಕೆಂಪಾಗಿ ಇಪ್ಪತ್ತೇಳು ತೋರಿಸಿತು. ಈ ಸಂಗತಿಯನ್ನು ಅವಳು ನೀಲಗಂಗಾಳಿಗೂ ಹೇಳಲಿಲ್ಲ. ಹೇಳಿದರೆ ಆ ಹುಚ್ಚು ಹುಡುಗಿ ಅತ್ತೆಯ ಮುಂದೆ ಬಾಯಿಬಿಡುತ್ತಾಳೆ ಎಂದುಕೊಂಡಳು.

ಮೊದಲ ಮೂರು ದಿನ ಕುಮುದ ಗೆದ್ದೆ ಎಂದು ಬೀಗಿದಳು. ಕೆಂಪು ನೋಡಿದ್ದೇ ತಡ, ಸಂಗವ್ವ ಸೊಸೆಯನ್ನು ಒಲೆಯ ಹತ್ತಿರಕ್ಕೂ ಬಿಡಲಿಲ್ಲ. ಮುದುಕಿಯೇ ಹಿಟ್ಟು ನಾದುವ ಕೊಣಮಿಗೆಯ ಮುಂದೆ ಕೂತು, ಮಣಿಕಟ್ಟಿಗೆ ಬಟ್ಟೆ ಸುತ್ತಿಕೊಂಡು ರೊಟ್ಟಿ ಬಡಿದಳು. ಫಕ್ಕೀರಪ್ಪ ಹೆಂಡತಿಗೆ ಗಂಜಿ ಕಾಸಿ ಕೊಟ್ಟ. ನಾಲ್ಕನೆಯ ದಿನ ಕುಮುದ, "ಇವತ್ತಿನ ನಡಿಗೆ ಆಯ್ತಾ ನೀಲಮ್ಮಾ?" ಎಂದು ಕೇಳಿದಳು.

ನೀಲಗಂಗಾ ಮಲಗಿದಲ್ಲಿಂದಲೇ ಮಾತಾಡಿದಳು. "ಹ್ಯಾಂಗ ನಡೀಲ್ರಿ? ಇಪ್ಪತ್ತನಾಕ ಐತಲ್ರಿ."

"ಪರವಾಗಿಲ್ಲ, ನಿಧಾನಕ್ಕೆ ಹತ್ತು ಹೆಜ್ಜೆ..."

ಸಂಗವ್ವ ಅಡ್ಡ ಬಂದಳು. "ಮೇಡಮ್ಮಾರ, ನಿಮಗ ತಲಿ ಸರಿ ಐತೋ ಇಲ್ಲೋ? ನಿಮ್ಮ ಬಿಲ್ಲಿ ಕೆಂಪ ಆಗೇತಿ, ಮಲಗ್ರಿ ಅಂತೈತಿ. ನೀವ ನಡಿ ಅಂತೀರಿ. ಐವತ್ತಾರ ಇದ್ದಾಗ ಕುಂಡರಸ್ರಿ ಅಂದ್ರಿ, ಈಗ ಎಬ್ಬಸ್ರಿ ಅಂತೀರಿ. ನಾವ ಯಾರ ಮಾತ ಕೇಳಬೇಕು?"

ಮುದುಕಿ ಹೇಳಿದ್ದರಲ್ಲಿ ಒಂದಕ್ಷರವೂ ತಪ್ಪಿರಲಿಲ್ಲ.

ಆಮೇಲೆ ಆದದ್ದನ್ನು ಯಾವ ತರಬೇತಿಯಲ್ಲೂ ಕುಮುದಳಿಗೆ ಕಲಿಸಿರಲಿಲ್ಲ. ನಡಿಗೆ ನಿಂತಿತು. ನಡಿಗೆ ನಿಂತದ್ದಕ್ಕೆ ನಿಜವಾದ ಅಂಕಿಯೂ ಇಳಿಯತೊಡಗಿತು. ಅದಿಳಿದಂತೆ ಬಿಲ್ಲೆಯ ಅಂಕಿ ಇನ್ನೂ ಕೆಳಗಿಳಿದು, ಅದನ್ನು ನೋಡಿ ನೀಲಗಂಗಾ ಇನ್ನಷ್ಟು ಮಲಗಿದಳು. ಅವಳು ನಾಟಕವಾಡುತ್ತಿರಲಿಲ್ಲ. ಹತ್ತೊಂಬತ್ತು ಎಂದು ಓದಿದ ದಿನ ಅವಳಿಗೆ ನಿಜವಾಗಿಯೂ ಲೋಟ ಎತ್ತಲು ಆಗಲಿಲ್ಲ. ಅವಳ ನಿಜವಾದ ಅಂಕಿ ಅಂದು ನಲವತ್ತೊಂಬತ್ತು. ಹಿಂದಿನ ತಿಂಗಳು ಅದೇ ಅಂಕಿಯಲ್ಲಿ ಅವಳು ಓಣಿಯ ಕೊನೆಯ ತನಕ ನಡೆದು ಬಂದಿದ್ದಳು.

ಕುಮುದ ಗಾಬರಿಯಾಗಿ ಮೀಸಲನ್ನು ತೆಗೆಯಲು ಹೋದಳು. ಗುಂಡಿ ಒತ್ತಿದರೆ 'ಅನುಮತಿ ಬೇಕು' ಎಂದು ಬಂತು. ಮೇಲ್ವಿಚಾರಕ ಫಣೀಂದ್ರನ ಕೋಣೆಗೆ ಓಡಿದಳು. ಫಣೀಂದ್ರ ಅವಳಿಗಿಂತ ಹತ್ತು ವರ್ಷ ಚಿಕ್ಕವನು, ಯಾವಾಗಲೂ ಇಸ್ತ್ರಿ ಮಾಡಿದ ಅಂಗಿ, ಇಸ್ತ್ರಿ ಮಾಡಿದ ಮಾತು.

"ಮೇಡಂ, ಎಚ್ಚರಿಕೆ ಹಾಕೋಕೆ ಒಬ್ಬರು ಸಾಕು, ತೆಗೆಯೋಕೆ ಮೂವರ ಸಹಿ ಬೇಕು. ರೋಗಿಯ ಸುರಕ್ಷತೆ ದೃಷ್ಟಿಯಿಂದ ಹಾಗಿಟ್ಟಿದಾರೆ. ಹೃದಯದ ಎಚ್ಚರಿಕೆ ಅಂತ ಬರೆದಿದೀರಲ್ಲ, ಹೃದಯ ಸರಿಹೋಗಿದೆ ಅಂತ ಡಾಕ್ಟರ ಸರ್ಟಿಫಿಕೇಟು ಹಚ್ಚಿ."

"ಹೃದಯಕ್ಕೆ ಏನೂ ಆಗೇ ಇಲ್ಲ ಸರ್."

"ಹಾಗಾದ್ರೆ ಯಾಕೆ ಬರೆದ್ರಿ?"

ಎಂದೂ ಕೆಡದ ಹೃದಯ ಈಗ ರಿಪೇರಿಯಾಗಿದೆ ಎಂದು ಬರೆದುಕೊಡುವ ಡಾಕ್ಟರನ್ನು ಎಲ್ಲಿಂದ ತರುವುದು? ಎರಡು ಸಲ ಅರ್ಜಿ ಹಾಕಿದಳು. ಒಂದು ಸಲ ಸರ್ಟಿಫಿಕೇಟು ಇಲ್ಲವೆಂದು, ಇನ್ನೊಂದು ಸಲ ತಪ್ಪು ಕಾಲಂ ತುಂಬಿದ್ದೀರೆಂದು ವಾಪಸು ಬಂತು. ಗುಂಡಿ ಒತ್ತಿದ ಬೆರಳನ್ನೇ ಕಚ್ಚಿಕೊಳ್ಳುವಷ್ಟು ಸಿಟ್ಟು ಬಂತು ಅವಳಿಗೆ. ಯಾರ ಮೇಲೆ ಎಂದರೆ ಫಣೀಂದ್ರನ ಮೇಲೆ, ಸಂಗವ್ವನ ಮೇಲೆ, ಕಾಫಿ ಕೇಳಿದ ಗಂಡನ ಮೇಲೆ, ಎಲ್ಲರಿಗಿಂತ ಹೆಚ್ಚು ತನ್ನ ಮೇಲೆ.

ಕೀಮೋ ಗುರುವಾರ ಎನ್ನುವಾಗ ಮಂಗಳವಾರ ಮೂರು ಗಂಟೆಗೆ ಕರೆ ಮಾಡಿದರೆ, ಗದಗದ ಮನೆಯ ತುಂಬ ಜನ. ರೋಣದಿಂದ ನೀಲಗಂಗಾಳ ಅಕ್ಕ, ನರಗುಂದದಿಂದ ಸೋದರತ್ತೆ, ಮುಂಡರಗಿಯಿಂದ ಮಾವ, ಅವರ ಮಕ್ಕಳು. ಎಲ್ಲರೂ ಗೋಡೆಗೆ ಒರಗಿ ದನಿಯೆತ್ತದೆ ಕೂತಿದ್ದರು. ಯಾರೋ ಮೂಗು ಒರೆಸಿಕೊಂಡರು.

"ಏನಮ್ಮಾ, ಏನಾದ್ರೂ ಕಾರ್ಯಕ್ರಮವಾ?" ಎಂದು ಕುಮುದ ಕೇಳಿದಳು.

ಸಂಗವ್ವ ಫೋನನ್ನು ಹಿತ್ತಲಿಗೆ ಒಯ್ದು ಪಿಸುಗುಟ್ಟಿದಳು. ಎರಡು ವಾರದಲ್ಲಿ ಮುದುಕಿ ಇಳಿದುಹೋಗಿದ್ದಳು. "ಇನ್ನ ಆರ ಉಳದಾವ್ರಿ. ದಿನಕ್ಕ ಎರಡ ಇಳೀತಾವ. ಲೆಕ್ಕಾ ಹಾಕ್ರಿ ನೀವ. ನೋಡೂ ಮಂದಿ ನೋಡಿ ಹೋಗಲಿ ಅಂತ ಹೇಳಿ ಕಳಿಸಿದೆ."

ಕುಮುದಳಿಗೆ ಅರ್ಥವಾಗಲು ಒಂದು ಗಳಿಗೆ ಬೇಕಾಯಿತು. ಸೊನ್ನೆಯೆಂದರೆ ಉಸಿರು ನಿಲ್ಲುವುದು ಎಂದು ಆ ಮನೆ ತಿಳಿದುಕೊಂಡಿತ್ತು. ಸೊನ್ನೆಯೆಂದರೆ ಏನು ಎಂದು ಬಿಲ್ಲೆಯ ಜೊತೆ ಕೊಟ್ಟ ಪುಸ್ತಿಕೆಯಲ್ಲಿ ಎಲ್ಲೂ ಬರೆದಿರಲಿಲ್ಲ. ಅಲ್ಲಿಯ ತನಕ ಯಾರೂ ಇಳಿಯುವುದಿಲ್ಲ ಎಂದು ಬರೆದವರು ಬಿಟ್ಟಿದ್ದರು.

"ಹಂಗಲ್ಲಮ್ಮಾ, ಸೊನ್ನೆ ಅಂದ್ರೆ ಸಾವಲ್ಲ! ನೀಲಮ್ಮಂಗೆ ಫೋನ್ ಕೊಡಿ."

ನೀಲಗಂಗಾಳ ಮುಖದಲ್ಲಿ ಗಾಬರಿಯಿರಲಿಲ್ಲ. ಅದೇ ಹೆಚ್ಚು ಹೆದರಿಸುವಂತಿತ್ತು. "ಅಕ್ಕಾರ, ಗುರುವಾರ ನಾ ಹುಬ್ಬಳ್ಳಿಗೆ ಹೋಗೂದಿಲ್ಲ. ಅಕ್ಕ ಬಂದಕಿನ ನಿನಗೇನ ಬಾಯಿಗೆ ಬೇಕು ಅಂತ ಕೇಳಿದ್ಲು. ಬೆಲ್ಲದ ಮಾದಲಿ ಅಂದೆ. ಮಾಡಿಕೊಂಡ ಬಂದಾಳ. ಅತ್ತಿ ಕೇಳಿದ್ಲು, ಸೋದರತ್ತಿ ಕೇಳಿದ್ಲು. ಎಲ್ಲಾರೂ ಯಾಕ ಕೇಳಾಕತ್ತಾರ ಅಂತ ನನಗ ತಿಳಿಯೂದಿಲ್ಲೇನ್ರಿ? ಹೋಗೂದ ಖರೇ ಅಂದಮ್ಯಾಲ ಆ ಉರಿಯೂ ಮದ್ದ ಯಾಕ? ಮನ್ಯಾಗ ಇರತೀನಿ."

"ನಿಮಗೆ ಏನೂ ಆಗಲ್ಲ ನೀಲಮ್ಮಾ. ನಾನು ಹೇಳ್ತಿದೀನಲ್ಲ."

"ನೀವ ಹೇಳತೀರಿ. ಬಿಲ್ಲಿ ಬ್ಯಾರೆ ಹೇಳತೈತಿ." ಫೋನು ಇಟ್ಟ ಸದ್ದಾಯಿತು.

ಕುಮುದ ಪರದೆ ನೋಡಿದಳು. ನಿಜವಾದ ಅಂಕಿ ಮೂವತ್ತಾರು. ಇನ್ನು ನಾಲ್ಕು ದಿನ ಹೀಗೆಯೇ ಮಲಗಿದರೆ ಅದೂ ಮೂವತ್ತರ ಕೆಳಗಿಳಿಯುತ್ತದೆ, ಆಗ ಆಸ್ಪತ್ರೆಯವರೇ ಕೀಮೋ ಮುಂದಕ್ಕೆ ಹಾಕುತ್ತಾರೆ. ಅವಳು ಸೀದಾ ಫಣೀಂದ್ರನ ಬಳಿಗೆ ಹೋಗಿ, ಮುಚ್ಚುಮರೆಯಿಲ್ಲದೆ ಎಲ್ಲವನ್ನೂ ಹೇಳಿದಳು.

ಅವನ ಇಸ್ತ್ರಿ ಮಾತು ಮೊದಲ ಸಲ ಸುಕ್ಕಾಯಿತು. "ಏನ್ ಮೇಡಂ ಹೀಗ್ ಮಾಡಿದೀರ! ಸಹಿ ಹಾಕೋ ಸಮಿತಿ ಸೇರೋದು ಸೋಮವಾರ. ಅಲ್ಲೀತನಕ ಒಂದಕ್ಷರ ಬಾಯಿಬಿಡ್ಬೇಡಿ. ಅಂಕಿ ತಿರುಚಬಹುದು ಅಂತ ಒಂದು ಮನೆಗೆ ಗೊತ್ತಾದ್ರೆ, ನಾಳೆ ರಾಜ್ಯದಲ್ಲಿ ಒಬ್ಬರೂ ಬಿಲ್ಲೆ ನಂಬಲ್ಲ."

"ಗುರುವಾರ ಕೀಮೋ ತಪ್ಪತ್ತೆ ಸರ್."

"ಒಬ್ಬರದು ತಪ್ಪತ್ತೆ. ಮೂರು ಸಾವಿರ ಜನರ ವಿಷಯ ಇದು."

ಮೂರು ಸಾವಿರ ಜನರ ಮುಖ ಕುಮುದ ನೋಡಿರಲಿಲ್ಲ. ಮಾದಲಿಯ ತಟ್ಟೆ ಮುಂದಿಟ್ಟುಕೊಂಡ ಒಬ್ಬಳ ಮುಖ ನೋಡಿದ್ದಳು.

ಬುಧವಾರ ಮೂರು ಗಂಟೆಗೆ ಕರೆ ಮಾಡಿ, ಎಲ್ಲರನ್ನೂ ಕೂರಿಸಿ, ಫೋನನ್ನು ಎಲ್ಲರಿಗೂ ಕಾಣುವಂತೆ ಇಡಿ ಎಂದಳು. ಫಕ್ಕೀರಪ್ಪ ಅದನ್ನು ಹಿಟ್ಟಿನ ಡಬ್ಬಿಗೆ ಒರಗಿಸಿ ನಿಲ್ಲಿಸಿದ. ನೀಲಗಂಗಾ ಗೋಡೆಗೆ ದಿಂಬು ಕೊಟ್ಟು ಕೂತಿದ್ದಳು. ಬಿಲ್ಲೆಯ ಮೇಲೆ ನಾಲ್ಕು ಎಂದಿತ್ತು.

"ಆ ನಾಲ್ಕು ಸುಳ್ಳು," ಎಂದಳು ಕುಮುದ. "ಅದಕ್ಕೆ ಮೂವತ್ತು ಸೇರಿಸ್ಕೊಳ್ಳಿ. ಹದಿನಾಲ್ಕು ದಿನದಿಂದ ಮೂವತ್ತು ಕಳೆದು ತೋರಿಸ್ತಾ ಇರೋದು ನಾನೇ."

ಫಕ್ಕೀರಪ್ಪನೇ ಮೊದಲು ಚೇತರಿಸಿಕೊಂಡ. "ಯಾಕ್ರಿ?"

"ಜಾಸ್ತಿ ತೋರಿಸಿದ್ರೆ ನೀವು ಅವರನ್ನ ರೊಟ್ಟಿ ಬಡಿಯೋಕೆ ಕೂರಿಸ್ತಿದ್ರಿ. ಹೇಳಿ ಹೇಳಿ ಸಾಕಾಗಿತ್ತು. ತಪ್ಪು ಮಾಡ್ಬಿಟ್ಟೆ."

ಸಂಗವ್ವ ಎದ್ದು ಫೋನಿನ ಹತ್ತಿರಕ್ಕೆ ಬಂದು ಕುಕ್ಕರುಗಾಲಲ್ಲಿ ಕೂತಳು. "ನನ್ನ ಬೈಯಬೇಕಿತ್ತಲ್ರಿ. ಮುದಕಿ, ನೀ ಸೊಸಿನ್ನ ಕೊಲ್ಲಾಕತ್ತೀ ಅಂತ ಮಕಕ್ಕ ಉಗಳಬೇಕಿತ್ತು. ಉಗಳಿಸಿಕೊಂತಿದ್ದೆ. ಹದಿನಾಕ ದಿನಾ, ದಿನಾ ಮುಂಜಾನೆ ಎದ್ದ ಆಕಿ ತೋಳ ನೋಡಿ, ಇನ್ನ ಎಷ್ಟ ಉಳದಾವು ಅಂತ ಎಣಸೀನ್ರಿ ನಾ. ಒಂದ ತುತ್ತ ಗಂಟಲದಾಗ ಇಳದಿಲ್ಲ. ಓದಿದಾಕಿ ನೀನು, ಹಿಂತಾದ್ದ ಮಾಡತೀಯೇನು?"

ಮೇಡಮ್ಮಾರ ಎನ್ನುವುದು ಹೋಗಿ ನೀನು ಬಂದಿತ್ತು. ಕುಮುದ ತಲೆ ತಗ್ಗಿಸಿದಳು. ಬೈಗುಳ ಇನ್ನೂ ಬರಲಿ ಎನ್ನಿಸಿತು. ಆದರೆ ಮುಂದೆ ಮಾತಾಡಿದವಳು ನೀಲಗಂಗಾ. ಅವಳ ದನಿ ಅಷ್ಟು ಗಟ್ಟಿಯಾಗಿದ್ದುದನ್ನು ಕುಮುದ ಎಂದೂ ಕೇಳಿರಲಿಲ್ಲ.

"ಎಲ್ಲಾರೂ ಸುಮ್ಮಕ ಕುಂದರ್ರಿ. ಐವತ್ತಾರ ಇದ್ದಾಗ ದಣದೀನಿ ಅಂದೆ, ಅತ್ತಿ ನಂಬಲಿಲ್ಲ, ನೀವೂ ನಂಬಲಿಲ್ಲ," ಎಂದು ಗಂಡನ ಕಡೆ ನೋಡಿದಳು. "ಇಪ್ಪತ್ತೇಳ ಆದ ದಿನಾ ನನಗ ಏನೂ ಆಗಿದ್ದಿಲ್ಲ. ಮುಂಜಾನೆ ಎದ್ದಾಗ ಛಲೋ ಅನಿಸಿತ್ತು, ಓಣಿಯಾಗ ತಿರಗಿ ಬರೂಣಂತ ಮಾಡಿದ್ದೆ. ತೋಳ ನೋಡಿಕೊಂಡೆ. ನನ್ನ ನಾನ ನಂಬಲಿಲ್ಲ. ಹೋಗಿ ಮಲಕ್ಕೊಂಡೆ." ಆಮೇಲೆ ಫೋನಿಗೆ ತಿರುಗಿದಳು. "ಅಕ್ಕಾರ, ನೀವರ ಒಂದ ಮಾತ ಕೇಳಬೇಕಿತ್ತಲ್ರಿ. ನೀಲಾ, ಹಿಂಗ ಮಾಡತೀನಿ, ಮಾಡಲ್ಯಾ ಅಂತ. ನನ್ನ ತೋಳ, ನನ್ನ ಕಸುವ. ನನಗ ಬಾಯಿ ಯಾಕೈತಿ ಹಂಗಾರ?"

"ತಪ್ಪಾಯ್ತು ನೀಲಮ್ಮಾ," ಎಂದಳು ಕುಮುದ.

ನೀಲಗಂಗಾ ತೋಳಿನ ಬಿಲ್ಲೆಯನ್ನು ಉಗುರಿನಿಂದ ಎಬ್ಬಿಸತೊಡಗಿದಳು.

"ಬೇಡ, ಬೇಡ! ಬಿಲ್ಲೆ ಇಲ್ದಿದ್ರೆ ಆಸ್ಪತ್ರೇಲಿ ಕೀಮೋ ಕೊಡಲ್ಲ. ನಾಳೆ ನೀವು ಹೋಗಲೇಬೇಕು."

"ಹೋಗತೀನ್ರಿ. ಸಾಯೂದಿಲ್ಲ ಅಂದಮ್ಯಾಲ ಯಾಕ ಬಿಡಲಿ? ಅಲ್ಲೇ ಹೋಗಿ ಹಚ್ಚಗೊಂತೀನಿ. ಡಾಕ್ಟರಗೆ ಬೇಕಂದ್ರ ನೋಡಲಿ. ಮುಗದ ಕೂಡ್ಲೆ ಅಲ್ಲೇ ತಗೀತೀನಿ. ನನ್ನ ಮನ್ಯಾಗ ಬ್ಯಾಡ ಇದು." ಬಿಲ್ಲೆ ಕಿತ್ತುಬಂತು. ತೋಳಿನ ಮೇಲೆ ಬಿಳಿಚಿದ ಒಂದು ದುಂಡು ಗುರುತು ಉಳಿಯಿತು. "ಮಾವಾ, ಮಂದಿನೆಲ್ಲಾ ಕರಕೊಂಡ ಊರಿಗೆ ನಡೀರಿ ಇನ್ನ. ಮಾದಲಿ ಉಳದದ್ದ ಕಟ್ಟಿಕೊಂಡ ಹೋಗ್ರಿ."

ತುಮಕೂರಿನ ಪರದೆಯಲ್ಲಿ ಗದಗದ ಸಾಲು ಬೂದಿ ಬಣ್ಣಕ್ಕೆ ತಿರುಗಿ 'ಸಂಕೇತವಿಲ್ಲ' ಎಂದಿತು. ಐದು ನಿಮಿಷಕ್ಕೆ ಫಣೀಂದ್ರನ ಕರೆ ಬಂತು. ಸಂಜೆಗೆ ಕುಮುದಳ ಎಪ್ಪತ್ತು ರೋಗಿಗಳನ್ನೂ ಬೇರೆಯವರಿಗೆ ಹಂಚಿ, ವಿಚಾರಣೆ ಮುಗಿಯುವ ತನಕ ಬರಬೇಡಿ ಎಂಬ ಕಾಗದ ಕೊಟ್ಟರು. ಮನೆಗೆ ಹೋಗಿ ಗಂಡನಿಗೆ ಹೇಳಿದಾಗ ಅವನು, "ನಿಂಗ್ಯಾಕೆ ಬೇಕಿತ್ತು ಇದೆಲ್ಲ?" ಎಂದ. ಸಾಕಾಗಿದೆ, ಮಲಗುತ್ತೇನೆ ಎಂದಳು. ಮಲಗಿದರೂ ನಿದ್ದೆ ಬರಲಿಲ್ಲ.

ಗುರುವಾರ ಇಡೀ ದಿನ ಅವಳು ಚಡಪಡಿಸಿದಳು. ಹುಬ್ಬಳ್ಳಿಗೆ ಹೋದರೋ ಇಲ್ಲವೋ? ಬಿಲ್ಲೆ ಅಂಟಿಸಿದಾಗ ಮೂವತ್ತು ದಾಟಿತೋ ಇಲ್ಲವೋ? ಇಷ್ಟು ದಿನ ಎಪ್ಪತ್ತು ಜನರ ನಾಡಿ ಕೂತಲ್ಲೇ ನೋಡುತ್ತಿದ್ದವಳಿಗೆ ಈಗ ಒಬ್ಬಳು ಬದುಕಿದ್ದಾಳೋ ಎಂದು ತಿಳಿಯುವ ದಾರಿಯೂ ಇರಲಿಲ್ಲ. ಸ್ವಂತ ಫೋನಿನಿಂದ ರೋಗಿಗಳಿಗೆ ಕರೆ ಮಾಡುವುದು ನಿಯಮಕ್ಕೆ ವಿರುದ್ಧ. ಶುಕ್ರವಾರ ಮಧ್ಯಾಹ್ನದ ಹೊತ್ತಿಗೆ ನಿಯಮದ ಮೇಲಿನ ಗೌರವ ಮುಗಿದಿತ್ತು.

ಫೋನೆತ್ತಿದ್ದು ಸಂಗವ್ವ. ಕುಮುದಳ ದನಿ ಕೇಳಿದ್ದೇ, "ಏನ ಬೇಕಾಗಿತ್ತು?" ಎಂದಳು.

"ಕೀಮೋ ಕೊಟ್ರಾ ಅಮ್ಮಾ?"

"ಕೊಟ್ರು. ಮೂವತ್ತಮೂರ ಇತ್ತಂತ. ರಾತ್ರಿ ಬಂದ್ರು."

ಕುಮುದ ಗೋಡೆಗೆ ಒರಗಿ ಕೂತಳು. "ಈಗ ಹೆಂಗಿದಾರೆ?"

"ನನಗ್ಯಾಕ ಕೇಳತೀ? ನಾ ಹೇಳಿದ್ದು, ನೀ ಹೇಳಿದ್ದು ಎಲ್ಲಾ ಮುಗೀತಲ್ಲ." ಕ್ಷಮಿಸಿದ ದನಿಯೇನೂ ಅಲ್ಲ ಅದು. ಆದರೆ ಮುದುಕಿ ಫೋನು ಇಡಲಿಲ್ಲ. ಹಿಡಿದುಕೊಂಡೇ ಒಳಕ್ಕೆ ಹೋದ ಹೆಜ್ಜೆ ಕೇಳಿಸಿತು. ಬಾಗಿಲ ಬಳಿ ನಿಂತು ಕೂಗಿದಳು: "ನೀಲಾ, ಇವತ್ತ ಎಷ್ಟ..."

ಮಾತು ಅಲ್ಲಿಗೇ ನಿಂತಿತು. ಮತ್ತೆ ಕೇಳಿದಳು, ಈ ಸಲ ಮೆಲ್ಲಗೆ, ಹೊಸ ಮಾತೊಂದನ್ನು ಬಾಯಲ್ಲಿ ಕೂಡಿಸಿಕೊಂಡು ಆಡುವವರ ಹಾಗೆ: "ನೀಲಾ, ಹೆಂಗ ಅದೀ ಯವ್ವಾ?"

ಒಳಗಿನಿಂದ ನೀಲಗಂಗಾಳ ದನಿ ಬಂತು. "ಭಾಳ ದಣದೀನಿ ಅತ್ತಿ. ಕೈಕಾಲಾಗ ಜೀವ ಇಲ್ಲ."

"ಹಂಗಾರ ಮಲಕ್ಕೋ," ಎಂದಳು ಸಂಗವ್ವ. ಮತ್ತೇನನ್ನೂ ಕೇಳಲಿಲ್ಲ.